ಅಣ್ಣ ನೋಡದೆ ಹೋದ ಕೊನೆಯ ಕಂತು

ಕ್ಷೌರದಂಗಡಿಯ ಅಣ್ಣ ತೀರಿಕೊಂಡನೆಂದು ಹಲವು ದಿನಗಳ ನಂತರ ಬಂದ ಹಿರಿಯ ಗಿರಾಕಿಯೊಬ್ಬರಿಗೆ ತಿಳಿದದ್ದು ಅವತ್ತು, ಅವನ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ ಪಟ ಇಟ್ಟಿದ್ದನ್ನು ಕಂಡಾಗ. ಅವರು ಬೆಂಚಿನ ಮೇಲೆ ಕುಳಿತರು. ಸತ್ತವನ ತಮ್ಮ ಬಸ್ ಡ್ರೈವರನ ಕೆನ್ನೆಗೆ ನೊರೆ ಹಚ್ಚುತ್ತಿದ್ದ. ಗೋಡೆಯ ಟೀವಿಯಲ್ಲಿ ಸಣ್ಣ ಊರೊಂದರ ಫುಟ್‌ಬಾಲ್ ತಂಡದ ಧಾರಾವಾಹಿ ಶುರುವಾಗಿತ್ತು.

"ಇದನ್ನ ಯಾರಯ್ಯ ನೋಡ್ತಾರೆ? ವಾರ್ತೆ ಹಾಕು," ಎಂದ ಡ್ರೈವರ್.

"ನಮ್ಮಣ್ಣ ನೋಡ್ತಿದ್ದ."

"ಅದು ಗೊತ್ತಪ್ಪ. ಆಟ ಶುರುವಾದ್ರೆ ಕತ್ತರಿ ಕೆಳಗಿಡ್ತಿದ್ದ. ಒಂದ್ಸಲ ಅರ್ಧ ಮೀಸೇಲಿ ಕೂತಿದ್ದೆ ನಾನು."

"ಆ ಊರಿನವರೆಲ್ಲ ಅವನಿಗೆ ನೆಂಟರೇ ಆಗಿಬಿಟ್ಟಿದ್ರು. ಆಸ್ಪತ್ರೇಲೂ ಅದೇ ಕೇಳ್ದ, ಹುಡುಗ್ರು ಗೆಲ್ತಾರೇನೋ ಅಂತ. ಇವತ್ತೇ ಕೊನೇ ಕಂತು."

ಡ್ರೈವರ್ ಕನ್ನಡಿಯಲ್ಲಿ ತಮ್ಮನ ಮುಖ ನೋಡಿದ.

"ಹಾಗಾದ್ರೆ ಕತ್ತಿ ಕೆಳಗಿಡು."

"ನಿಮ್ಮ ಬಸ್ಸು?"

"ನನ್ನ ಬಿಟ್ಟು ಎಲ್ಲಿಗೆ ಹೋಗುತ್ತೆ?"

ನೊರೆ ಕೆನ್ನೆಯಲ್ಲೇ ಒಣಗಿತು. ಕೊನೆಗೆ ತಂಡ ಒಂದು ಗೋಲಿನಿಂದ ಸೋತಿತು. ಆದರೂ ಊರಿಗೆ ಊರೇ ರೈಲು ನಿಲ್ದಾಣಕ್ಕೆ ಬಂದು, ಸೋತು ಬಂದಿಳಿದ ಹುಡುಗರನ್ನು ತಬ್ಬಿಕೊಂಡಿತು.

"ಸೋತ್ಬಿಟ್ರಲ್ಲೋ."

"ಅವನಿದ್ದಿದ್ರೆ ಅತ್ತುಬಿಡ್ತಿದ್ದ. ಆಮೇಲೆ ರೆಫ್ರೀನ ಬಯ್ತಿದ್ದ."

"ನನ್ನ ಗಡ್ಡ ಮರೆತೇಬಿಡ್ತಿದ್ದ."

ತಮ್ಮ ನಗಲು ಹೋಗಿ ಮುಖ ತಿರುಗಿಸಿಕೊಂಡ. ಬೇಗಬೇಗ ಕ್ಷೌರ ಮುಗಿಸಿ, ಡ್ರೈವರನ ಜೊತೆ ಬಸ್ಸಿನವರೆಗೂ ನಡೆದ.

ಅಂಗಡಿಯಲ್ಲಿ ಹಿರಿಯರೊಬ್ಬರೇ ಉಳಿದರು. ಅಣ್ಣನ ಪಕ್ಕ ಕುಳಿತು ಆ ಧಾರಾವಾಹಿ ನೋಡುತ್ತಿದ್ದ ಇನ್ನೊಬ್ಬರೆಂದರೆ ಅವರೇ. ಎದ್ದು ಆ ಕುರ್ಚಿಯ ಮುಂದೆ ಕೈಮುಗಿದರು.

"ದೇವರೇ, ಅವನ ಆತ್ಮಕ್ಕೆ ಶಾಂತಿ ಕೊಡು. ಅವನು ಇಳಿಯುವ ನಿಲ್ದಾಣದಲ್ಲೂ ಯಾರಾದರೂ ಕಾದಿರಲಿ."