ಪಾಜ್ ಮಾಡಿಟ್ಟ ಆಟ

ಆ ಭಾನುವಾರಕ್ಕೆ ವಿಶೇಷ ಏನೂ ಇರಲಿಲ್ಲ. ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಚಿಕ್ಕಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್. ಅವತ್ತು ರಜೆ, ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಮಲಗಿದ್ದರು. ಟಿವಿಯ ಮುಂದೆ ನಾವು ಮೂವರು: ನಾನು ಅಕ್ಕ ಎನ್ನುತ್ತಿದ್ದ ಚಿಕ್ಕಪ್ಪನ ಮಗಳು, ನನ್ನ ಓರಗೆಯ ಅವಳ ತಮ್ಮ, ಮತ್ತು ನಾನು. ಅವನು ಎಲ್ಲದಕ್ಕೂ ಎಡಗೈ ಮುಂದೆ ಮಾಡುತ್ತಿದ್ದುದರಿಂದ ಇಡೀ ಬೀದಿಗೆ ಅವನು ಎಡಚ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ.

ಈಗ ನಾನು ಮೇಷ್ಟ್ರು. ಶಾಲೆಯ ಪ್ರವಾಸದಲ್ಲಿ ದೀಪ ಆರಿಸಿದ ಮೇಲೆ ಮಕ್ಕಳು "ಸಾರ್, ದೆವ್ವದ ಕತೆ" ಎಂದು ಪೀಡಿಸುತ್ತಾರೆ. ಅವರಿವರ ಕತೆ ಹೇಳಿ ಮಲಗಿಸುತ್ತೇನೆ. ಇದನ್ನು ಹೇಳಿಲ್ಲ. ಇವತ್ತು ನೀವು ಕೇಳಿದಿರಿ... ಹೇಳುತ್ತೇನೆ. ಕಂಡಿದ್ದು, ಕೇಳಿದ್ದು, ಅಷ್ಟನ್ನೇ.

ಆ ವಿಡಿಯೋ ಗೇಮನ್ನು ಚಿಕ್ಕಪ್ಪ ಬೋನಸ್ ಬಂದ ವರ್ಷ ತಂದದ್ದು. ಕೆಂಪು ಅಂಚಿನ ಬಿಳಿ ಪೆಟ್ಟಿಗೆ, ವೈರಿನ ಎರಡು ರಿಮೋಟು, ಬಾತುಕೋಳಿ ಹೊಡೆಯುವುದಕ್ಕೆ ಒಂದು ಗನ್ನು, ಜೊತೆಗೆ ಪುಕ್ಕಟೆಯಾಗಿ ಒಂದು ಹಳದಿ ಕ್ಯಾಸೆಟ್ಟು. ಅದರ ಮೇಲೆ ಲಕ್ಷಗಟ್ಟಲೆ ಆಟ ಇದೆ ಎಂದು ಅಚ್ಚು ಹಾಕಿದ್ದರು. ಹಾಕಿ ನೋಡಿದರೆ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರು ಹೊತ್ತುಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

"ಅಪ್ಪಾ, ನಿಂಗೆ ಸರಿಯಾಗಿ ಟೋಪಿ ಹಾಕಿದಾರೆ" ಎಂದ ಎಡಚ.

"ಹಾಕ್ಲಿ ಬಿಡೋ. ಇರೋದ್ರಲ್ಲಿ ಒಂದನ್ನ ಕೊನೇವರೆಗೂ ಮುಗಿಸಿ ತೋರ್ಸು. ಆಮೇಲೆ ಇಬ್ರೂ ಅಂಗಡಿಯವನ ಹತ್ರ ಜಗಳಕ್ಕೆ ಹೋಗೋಣ."

ಎಡಚ ಅದನ್ನು ಮನಸ್ಸಿಗೆ ತೆಗೆದುಕೊಂಡ. ಟ್ಯಾಂಕಿನ ಆಟವನ್ನು ಆರಿಸಿಕೊಂಡ. ಕೆಳಗೆ ಒಂದು ಬಾವುಟ, ಅದರ ಸುತ್ತ ಇಟ್ಟಿಗೆ. ಮೇಲಿನಿಂದ ಶತ್ರುಗಳು ಬರುತ್ತಾರೆ. ಮೊದಲನೇ ರಿಮೋಟಿನವನಿಗೆ ನೀಲಿ ಟ್ಯಾಂಕು, ಎರಡನೆಯವರಿಗೆ ಹಸಿರು. ಇಬ್ಬರೂ ಸೇರಿ ಬಾವುಟ ಕಾಯಬೇಕು.

ಆ ಕಾಲದ ಗೇಮಿನಲ್ಲಿ ಆಟ ಉಳಿಸಿಡುವ ದಾರಿ ಇರಲಿಲ್ಲ. ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಅದಕ್ಕೆ ನಾವು ಪಾಜ್ ಒತ್ತಿ, ಟಿವಿಯನ್ನಷ್ಟೇ ಆರಿಸಿ, ಪೆಟ್ಟಿಗೆಯನ್ನು ಹಾಗೇ ಉರಿಯಲು ಬಿಟ್ಟು ಮಲಗುತ್ತಿದ್ದೆವು. ಬೆಳಿಗ್ಗೆ ಟಿವಿ ಹಾಕಿದರೆ ಆಟ ಅಲ್ಲೇ ಕಾದಿರುತ್ತಿತ್ತು. ಪಾಜ್ ಗುಂಡಿ ಮೊದಲನೇ ರಿಮೋಟಿನಲ್ಲಿ ಮಾತ್ರ. ಎರಡನೆಯದರಲ್ಲಿ ಇಲ್ಲ.

ಇನ್ನು ಮೂರು ಕಟ್ಟಳೆ ಇದ್ದವು, ನಾವೇ ಮಾಡಿಕೊಂಡದ್ದು. ಒಬ್ಬನ ಲೈಫ್ ಮುಗಿದರೆ ಇನ್ನೊಬ್ಬರಿಂದ ಸಾಲ ತೆಗೆದುಕೊಳ್ಳಬಹುದಿತ್ತು. ಆದರೆ ಕೇಳದೆ ತೆಗೆಯಬಾರದು. ಗಲಾಟೆ ಮಾಡಿದರೆ ಚಿಕ್ಕಮ್ಮ ಬೈಯುತ್ತಿದ್ದರಿಂದ ಬಾಯಿಬಿಟ್ಟು ಕೇಳುವಂತಿಲ್ಲ. ಪಕ್ಕದವರ ಮಂಡಿಯ ಮೇಲೆ ಎರಡು ಬೆರಳಲ್ಲಿ ಎರಡು ಸಲ ತಟ್ಟಬೇಕು. ಅವರು "ತಗೋ" ಎಂದರೆ ಸರಿ. ಮತ್ತೆ, ಆಟ ನಿಜವಾಗಿ ಮುಗಿದ ದಿನ ಮಾತ್ರ ರಿಮೋಟಿನ ವೈರು ಸುತ್ತಿಡುವುದು. ಪಾಜ್‌ನಲ್ಲಿದ್ದರೆ ಸುತ್ತಬಾರದು. ನಾವು ಬಲಕ್ಕೆ ಸುತ್ತುತ್ತಿದ್ದೆವು, ಎಡಚ ಎಡಕ್ಕೆ. "ನೀನು ಸುತ್ತಿದ್ದು ಬಿಚ್ಚೋಕೆ ಇನ್ನೊಬ್ಬ ಎಡಚನೇ ಹುಟ್ಟಿ ಬರ್ಬೇಕು ಕಣೋ" ಎನ್ನುತ್ತಿದ್ದರು ಚಿಕ್ಕಮ್ಮ.

ಆ ಭಾನುವಾರ ಅವನು ಹಿಂದೆಂದೂ ಮುಟ್ಟದಷ್ಟು ದೂರ ಹೋಗಿದ್ದ. ಅವನಿಗೆ ಎರಡು ಲೈಫ್ ಉಳಿದಿತ್ತು, ಅಕ್ಕನಿಗೆ ನಾಲ್ಕು. ಅಷ್ಟರಲ್ಲಿ ಚಿಕ್ಕಮ್ಮನ ಕಪ್ಪು ದಾರ ಮುಗಿಯಿತು.

"ಓಡೋಗಿ ಒಂದು ಉಂಡೆ ತಗೊಂಡ್ ಬಾರೋ."

"ಅಯ್ಯೋ ಅಮ್ಮಾ, ಈಗ್ಲೇನಾ!"

"ಇಲ್ಲ, ಮುಂದಿನ ವರ್ಷ. ಏಳೋ ಮೇಲೆ."

ಅವನು ಪಾಜ್ ಒತ್ತಿದ. ರಿಮೋಟನ್ನು ನೆಲದ ಮೇಲಿಟ್ಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದ. "ಅಕ್ಕಾ, ಮುಟ್ಬೇಡ. ಬಂದೆ."

ನಮ್ಮ ಬೀದಿಯ ತಿರುವಿನಲ್ಲಿ ಒಂದು ಬಾವಿ ಇತ್ತು. ನೀರಿನ ಟ್ಯಾಂಕರುಗಳು ಅಲ್ಲಿಗೇ ಬಂದು ತುಂಬಿಸಿಕೊಂಡು ಹೋಗುತ್ತಿದ್ದವು. ತುಂಬಿಕೊಂಡ ಒಂದು ಟ್ಯಾಂಕರು ಹಿಂದಕ್ಕೆ ಬರುತ್ತಿತ್ತು. ಡ್ರೈವರಿಗೆ ಅವನು ಕಾಣಲಿಲ್ಲ.

ಅಷ್ಟೇ.

ಎಲ್ಲ ಮುಗಿಸಿಕೊಂಡು ಬಂದ ಮೇಲೆ, ನೆಂಟರೆಲ್ಲ ಹೋದ ಮೇಲೆ, ಚಿಕ್ಕಪ್ಪನ ಕಣ್ಣು ಪೆಟ್ಟಿಗೆಯ ಪುಟ್ಟ ಕೆಂಪು ದೀಪದ ಮೇಲೆ ಬಿತ್ತು. ಇನ್ನೂ ಉರಿಯುತ್ತಿತ್ತು. ಟಿವಿ ಹಾಕಿದರು. ಪಾಜ್ ಎಂಬ ಅಕ್ಷರ ಮಿನುಗುತ್ತಿತ್ತು. ಸ್ವಿಚ್ಚಿನ ಕಡೆ ಕೈ ಚಾಚಿದರು. ಚಿಕ್ಕಮ್ಮ ಆ ಕೈ ಹಿಡಿದುಕೊಂಡರು.

"ಮುಟ್ಬೇಡ ಅಂತ ಹೇಳಿ ಹೋಗಿದಾನೆ."

ಚಿಕ್ಕಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಹೋಗಿ ಟಾರ್ಚಿಗೆ ಹಾಕುವ ದಪ್ಪ ಸೆಲ್ಲುಗಳನ್ನು ತಂದು, ಸಾಲಾಗಿ ಜೋಡಿಸಿ ಪೆಟ್ಟಿಗೆಗೆ ಸೇರಿಸಿದರು. ಕರೆಂಟು ಹೋದರೂ ಆ ದೀಪ ಆರಬಾರದು. ಊರಿಗೆಲ್ಲ ಕರೆಂಟು ಕೊಟ್ಟು ಕಿತ್ತುಕೊಳ್ಳುವುದು ಅವರ ಕೆಲಸ. ಮಗನಿಗಾಗಿ ಮಾಡುವುದಕ್ಕೆ ಅವರಿಗೆ ಉಳಿದಿದ್ದು ಅದೊಂದೇ.

ಸ್ವಲ್ಪ ದಿನವಾಯಿತು. ಅಕ್ಕ ಮತ್ತೆ ಟೈಪಿಂಗ್ ಕ್ಲಾಸಿಗೆ ಹೋಗತೊಡಗಿದಳು. ಬರುವಷ್ಟರಲ್ಲಿ ಕತ್ತಲು. ಬಾವಿಯ ತಿರುವಿನಲ್ಲಿ ಯಾವಾಗಲೂ ಓಡುತ್ತಿದ್ದಳು. ಒಂದು ಸಂಜೆ ಹಾಗೆ ಓಡಿ ಬಂದು, ತಮ್ಮ ಮನೆಯ ಕಿಟಕಿಯ ಹತ್ತಿರ ನಿಂತಳಂತೆ. ಒಳಗೆ ದೀಪವಿಲ್ಲ. ಆದರೆ ಸದ್ದು...

ಚಿಟಿ. ಚಿಟಿ ಚಿಟಿ. ಟುಕ್.

ರಬ್ಬರಿನ ಗುಂಡಿ ಒತ್ತುವ ಸದ್ದು. ಗುಂಡು ಹಾರಿಸುವ ಗುಂಡಿಗೆ ಚಿಟಿ. ಟ್ಯಾಂಕು ತಿರುಗಿಸುವ ಗುಂಡಿಗೆ ಟುಕ್.

ಅವಳು ಒಳಗೆ ಹೋಗಲಿಲ್ಲ. ನಮ್ಮ ಬಾಗಿಲಿಗೆ ಬಂದಳು. ನಾನು ಊಟಕ್ಕೆ ಕೂತಿದ್ದೆ.

"ನೀನು... ಈಗ ನಮ್ಮನೇಗೆ ಬಂದಿದ್ಯಾ?"

"ಇಲ್ಲ ಕಣಕ್ಕ."

"ಸುಳ್ಳು ಹೇಳ್ಬೇಡ."

"ಅಮ್ಮನ್ನ ಕೇಳು ಬೇಕಾದ್ರೆ. ಆಗ್ಲಿಂದ ಇಲ್ಲೇ ಇದೀನಿ."

ನನ್ನ ಎಂಜಲು ಕೈಯನ್ನೇ ಹಿಡಿದು ಎಳೆದುಕೊಂಡು ಹೋದಳು. ಚಿಕ್ಕಮ್ಮ ಹಿತ್ತಲಲ್ಲಿದ್ದರು. ಕೋಣೆಯಲ್ಲಿ ಯಾರೂ ಇಲ್ಲ. ರಿಮೋಟು ನೆಲದ ಮೇಲೆ, ಅವನು ಇಟ್ಟ ಜಾಗದಲ್ಲೇ. ಅಕ್ಕ ಟಿವಿ ಹಾಕಿದಳು. ಪಾಜ್ ಮಿನುಗುತ್ತಿತ್ತು. ನೀಲಿ ಟ್ಯಾಂಕು...

"ಅದು ಎಡಗಡೆ ಗೋಡೆ ಹತ್ರ ಇತ್ತಲ್ವಾ?" ಎಂದೆ.

"ಮೆಲ್ಲಗೆ ಮಾತಾಡು."

ಅವಳು ಒಂದು ಚೂರು ಕಾಗದ ಹರಿದು, ಎಂಜಲು ಹಚ್ಚಿ, ಗಾಜಿನ ಮೇಲೆ ನೀಲಿ ಟ್ಯಾಂಕು ಇದ್ದಲ್ಲಿ ಸರಿಯಾಗಿ ಅಂಟಿಸಿದಳು. ಟಿವಿ ಆರಿಸಿದಳು. ಮರುದಿನ ಶಾಲೆ ಬಿಟ್ಟ ಕೂಡಲೇ ಹೋಗಿ ಹಾಕಿ ನೋಡಿದೆವು. ಕಾಗದ ಅಲ್ಲೇ ಇತ್ತು. ಟ್ಯಾಂಕು ಇರಲಿಲ್ಲ. ಅದು ಬಾವುಟದ ಮುಂದೆ ಅಡ್ಡ ನಿಂತಿತ್ತು. ಬಾವುಟದ ಸುತ್ತಲಿನ ಇಟ್ಟಿಗೆ ಅರ್ಧ ಉದುರಿಹೋಗಿತ್ತು. ನೀಲಿ ಟ್ಯಾಂಕಿನ ಲೆಕ್ಕದಲ್ಲಿ ಎರಡು ಇದ್ದದ್ದು ಒಂದಾಗಿತ್ತು.

ಹಸಿರು ಟ್ಯಾಂಕು ಮಾತ್ರ ಕದಲಿರಲಿಲ್ಲ. ಅದು ಅಕ್ಕನದು.

ಚಿಕ್ಕಮ್ಮನಿಗೆ ಹೇಳಿದೆವು. ಅವರು ಹೆದರಲಿಲ್ಲ. ಅವರ ಮುಖ ಅಷ್ಟು ದಿನದಲ್ಲಿ ಮೊದಲ ಸಲ ಅರಳಿತು. "ಬರ್ತಿದಾನೆ... ನಾನು ಹೇಳ್ಲಿಲ್ವಾ, ಬರ್ತಿದಾನೆ" ಎಂದರು. ಆಮೇಲೆ ಅಕ್ಕ ಆ ಒಂದನ್ನು ತೋರಿಸಿದಳು. ಅದು ಸೊನ್ನೆಯಾದರೆ ಏನು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

"ನೀನು ಹೋಗೇ ಅವನ ಜೊತೆಗೆ. ಒಬ್ಬನೇ ಆಡ್ತಿದಾನೆ ಪಾಪ" ಎಂದರು ಚಿಕ್ಕಮ್ಮ.

ಅಕ್ಕ ಎರಡನೇ ರಿಮೋಟು ಹಿಡಿದು ಎಲ್ಲ ಗುಂಡಿಯನ್ನೂ ಒತ್ತಿದಳು. ಹಸಿರು ಟ್ಯಾಂಕು ಅಲುಗಲಿಲ್ಲ. ಚಿಕ್ಕಪ್ಪ ಬಗ್ಗಿ, ಮೊದಲನೇ ರಿಮೋಟನ್ನು ಎತ್ತದೆ, ನೆಲದ ಮೇಲಿದ್ದ ಹಾಗೇ ಪಾಜ್ ಗುಂಡಿಯನ್ನು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಎದ್ದು, ಗೋಡೆಗೆ ಒರಗಿ, ತಮ್ಮ ಹೆಬ್ಬೆರಳನ್ನೇ ನೋಡುತ್ತ ನಿಂತರು.

ಒಂದು ಮಾತ್ರ ನಮಗೆ ಗೊತ್ತಾಗಿತ್ತು. ಟಿವಿ ಆರಿದ್ದಾಗಲೇ ಅದು ನಡೆಯುವುದು. ನಾವು ನೋಡುತ್ತಿದ್ದರೆ ಏನೂ ಕದಲದು. ಹಾಗಾಗಿ ಟಿವಿ ಆರಿಸುವುದನ್ನೇ ಬಿಟ್ಟೆವು. ಸರದಿಯ ಮೇಲೆ ಕೂತೆವು. ಚಿಕ್ಕಮ್ಮ, ಅಕ್ಕ, ನಾನು, ಡ್ಯೂಟಿ ಮುಗಿಸಿ ಬಂದ ಚಿಕ್ಕಪ್ಪ. ಒಬ್ಬ ಹುಡುಗನ ಒಂದು ಅಂಕಿಯನ್ನು ಇಡೀ ಮನೆ ಕಾಯುತ್ತಿತ್ತು. ನಮ್ಮ ಬೀದಿಯ ಕರೆಂಟು ತೆಗೆಯಬೇಕಾದ ಕೆಲಸವನ್ನೆಲ್ಲ ಚಿಕ್ಕಪ್ಪ ನಾಳೆ ನಾಡಿದ್ದು ಎಂದು ಮುಂದೂಡುತ್ತ ಬಂದರು.

ಒಂದು ಮುಸ್ಸಂಜೆ ಅವರ ಜೊತೆಯ ಲೈನ್‌ಮ್ಯಾನ್ ಬಾಗಿಲಿಗೆ ಬಂದ. ಸೈಕಲ್ ನಿಲ್ಲಿಸಲೂ ಇಲ್ಲ.

"ಅಣ್ಣಾ, ತಿರುವಿನಲ್ಲಿ ವೈರು ಜೋತು ಬಿದ್ದಿದೆ. ಇವತ್ತು ಕರೆಂಟು ತೆಗೀಲೇಬೇಕು."

"ಬೆಳಿಗ್ಗೆ ಮಾಡೋಣ ಕಣೋ. ಕೈ ಮುಗೀತೀನಿ."

"ಕೆಳಗಡೆ ಮಕ್ಕಳು ಓಡಾಡ್ತವೆ ಅಣ್ಣಾ."

ಚಿಕ್ಕಪ್ಪ ತಿರುವಿನ ಕಡೆ ನೋಡಿದರು. "ಹೋಗು, ತೆಗಿ" ಎಂದರು.

ಒಳಗೆ ಬಂದು ನಮ್ಮ ಜೊತೆ ನೆಲದ ಮೇಲೆ ಕೂತರು. ಪೆಟ್ಟಿಗೆಗೆ ಸೆಲ್ಲು ಇತ್ತು. ಟಿವಿಗೆ ಸೆಲ್ಲು ಸಾಲದು. ಅಕ್ಕನ ಒಂದು ಪಕ್ಕ ನಾನು, ಅವಳ ಬಲಗೈ ಹಿಡಿದುಕೊಂಡು. ಇನ್ನೊಂದು ಪಕ್ಕ ಖಾಲಿ. ಅದು ಅವನು ಕೂರುತ್ತಿದ್ದ ಜಾಗ. ಚಿಕ್ಕಪ್ಪ ಚಿಕ್ಕಮ್ಮ ಹಿಂದೆ, ಗೋಡೆಗೆ ಒರಗಿಕೊಂಡು.

ಪರದೆ ಒಂದು ಚುಕ್ಕೆಯಾಗಿ ಆರಿತು. ಫ್ಯಾನು ಗಿರ್... ಎಂದು ನಿಧಾನವಾಗಿ ನಿಂತಿತು. ಕತ್ತಲೆ. ಕೆಂಪು ದೀಪ ಒಂದೇ. ಅದರಲ್ಲಿ ಏನೂ ಕಾಣದು.

ಟುಕ್.

ಚಿಕ್ಕಮ್ಮ ಉಸಿರು ಹಿಡಿದದ್ದು ಕೇಳಿಸಿತು.

ಟುಕ್ ಟುಕ್. ಚಿಟಿ. ಚಿಟಿ ಚಿಟಿ ಚಿಟಿ. ನಮ್ಮ ಎದುರಿಗೇ, ನೆಲದ ಮಟ್ಟದಲ್ಲಿ. ಅವನು ಸೋಲುವ ಹೊತ್ತಿಗೆ ಹೀಗೇ ಅವಸರ ಅವಸರವಾಗಿ ಒತ್ತುತ್ತಿದ್ದ... ಸದ್ದು ನಿಂತಿತು.

ಅಕ್ಕ ಬೆಚ್ಚಿದಳು. ಅವಳ ಕೈ ನನ್ನ ಕೈಯಲ್ಲಿತ್ತು, ಅದಕ್ಕೇ ನನಗೆ ಗೊತ್ತು.

"ಏನಕ್ಕಾ?"

"ಮಂಡಿ ಮೇಲೆ..." ಎಂದಳು. "ಎರಡು ಸಲ."

ಆಮೇಲೆ ಅವಳು ಖಾಲಿ ಪಕ್ಕಕ್ಕೆ ತಿರುಗಿ, ಏನೂ ಆಗದವಳ ಹಾಗೆ, "ತಗೋ" ಎಂದಳು.

ಚಿಟಿ ಚಿಟಿ ಚಿಟಿ. ಟುಕ್. ಚಿಟಿ. ನಿಂತಿತು.

"ತಗೋ ಪುಟ್ಟಾ."

ಮತ್ತೆ ಸದ್ದು. ಈ ಸಲ ಬೇಗ ನಿಂತಿತು.

"ತಗೋ."

ಚಿಕ್ಕಪ್ಪ ಹಿಂದಿನಿಂದ ಪಿಸುಗುಟ್ಟಿದರು. "ಏನಮ್ಮಾ ಕೊಡ್ತಿದೀಯ ಅವನಿಗೆ?"

"ಲೈಫು."

"ನಿಂಗೆಷ್ಟು ಉಳಿದಿದೆ?"

"ಒಂದು."

ಟುಕ್ ಟುಕ್ ಎನ್ನುತ್ತಿದ್ದದ್ದು ನಿಂತಿತು. ಅಕ್ಕನ ಕೈ ಮತ್ತೆ ನನ್ನ ಕೈಯೊಳಗೆ ಅದುರಿತು. ಅವಳು ಬಾಯಿ ತೆರೆದಳು. ನನಗೆ ಕೇಳಿಸಿತು, ತುಟಿ ಬೇರೆಯಾದ ಸದ್ದು.

ಅಷ್ಟರಲ್ಲಿ ಚಿಕ್ಕಪ್ಪ ನಮ್ಮಿಬ್ಬರ ಮೇಲಿಂದ ಬಗ್ಗಿದರು. ಪಟ್ ಎಂದು ವೈರು ಕಿತ್ತುಬಂತು. ಸೆಲ್ಲುಗಳು ನೆಲದ ಮೇಲೆ ಉರುಳಿದವು.

ಕೆಂಪು ದೀಪ ಆರಿತು.

ಚಿಟಿ... ಚಿಟಿ... ಅದು ಮಾತ್ರ ಕೂಡಲೇ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಇತ್ತು. ಅವಸರವಿರಲಿಲ್ಲ. ಆಮೇಲೆ ಅದೂ ಇಲ್ಲ.

"ಬೇರೆ ದಾರಿ ಇರ್ಲಿಲ್ಲ ಕಣೋ" ಎಂದರು ಚಿಕ್ಕಪ್ಪ. ನಮಗಲ್ಲ. "ಇವಳೂ ನನ್ನ ಮಗಳಲ್ವೇನೋ... ಬೇರೆ ದಾರಿ ಇರ್ಲಿಲ್ಲ."

ಚಿಕ್ಕಮ್ಮ ಅಳಲಿಲ್ಲ. ಕತ್ತಲಲ್ಲಿ ತಡಕಿ ಅಕ್ಕನ ತಲೆ ಹುಡುಕಿ, ಎದೆಗೆ ಒತ್ತಿಕೊಂಡರು. ಕರೆಂಟು ಬರುವವರೆಗೂ ನಾವು ಐದು ಜನವೂ... ಅಲ್ಲ, ನಾಲ್ಕು ಜನ... ಕೂತಲ್ಲೇ ಕೂತಿದ್ದೆವು.

ಅಕ್ಕ ಈಗಲೂ ಇದ್ದಾಳೆ. ಮಕ್ಕಳಿದ್ದಾರೆ. ಅವಳನ್ನು ಕೇಳಿ ನೋಡಿ, ಅವಳೂ ಇಷ್ಟೇ ಹೇಳುತ್ತಾಳೆ. ಮಕ್ಕಳ ಕಲ್ಪನೆ, ದುಃಖದಲ್ಲಿ ಕಿವಿ ಹಾಗೆ ಕೇಳುತ್ತದೆ ಎಂದು ನೀವು ಹೇಳಬಹುದು. ನನ್ನ ವಿದ್ಯಾರ್ಥಿ ಹೀಗೊಂದು ಬರೆದು ತಂದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ನಾನು ಅಲ್ಲಿದ್ದೆ. ಕರೆಂಟು ಬಂದಾಗ ನೋಡಿದವರಲ್ಲಿ ನಾನೇ ಮೊದಲಿನವನು. ಟಿವಿ ಬರೀ ಸುಯ್ ಎನ್ನುತ್ತಿತ್ತು. ಎರಡನೇ ರಿಮೋಟು ಅಕ್ಕನ ಮಡಿಲಲ್ಲಿ, ವೈರು ನೆಲದ ತುಂಬ ಹರಡಿಕೊಂಡು. ಮೊದಲನೆಯದು ನೆಲದ ಮೇಲಿರಲಿಲ್ಲ. ಅದು ಪೆಟ್ಟಿಗೆಯ ಮೇಲಿತ್ತು.

ಅದರ ವೈರನ್ನು ಸುತ್ತಿಡಲಾಗಿತ್ತು, ಎಡಕ್ಕೆ.