ಖಾರ ತಿಂದ ನಾಯಿ

ಒಂದೂರಲ್ಲಿ ಒಬ್ಬ ಸಾವುಕಾರ ತನ್ನ ನಾಯಿಯ ಬಾಯಿ ಬಿಡಿಸಿ, ಅರೆದ ಮೆಣಸಿನಕಾಯಿಯ ಉಂಡೆ ತುರುಕಿಸಿದ. ದಿನಕ್ಕೆ ಎರಡು ಉಂಡೆ, ಇಪ್ಪತ್ತೊಂದು ದಿನ. ಉಳಿದ ಹೊತ್ತು ಅದನ್ನು ಕಿಟಕಿ ಇಲ್ಲದ ಕೋಣೆಯಲ್ಲಿ ಕೂಡಿಹಾಕಿಸಿದ. ಆಗ ಅದಕ್ಕೆ ಎಂಟು ತಿಂಗಳು.

ಯಾಕೆ ಅಂತ ಕೇಳುತ್ತೀರಾ? ಅದು ಮೆಣಸಿನಕಾಯಿ ಸೀಮೆ, ತಾಯಂದಿರೇ. ಖಾರ ತಿಂದ ನಾಯಿ ಹುಲಿಯಾಗುತ್ತದೆ ಅನ್ನುವುದು ಆ ಸೀಮೆಯ ನಂಬಿಕೆ. ಸಾವುಕಾರನ ಅಪ್ಪ ಹಾಗೇ ಮಾಡಿದ್ದ, ಅವನ ಅಪ್ಪನೂ ಹಾಗೇ ಮಾಡಿದ್ದ. ಉಂಡೆ ತುರುಕುವ ಕೆಲಸಕ್ಕೆ ಅವನ ಲೆಕ್ಕ ಬರೆಯುವ ದಿವಾನಜಿ ಇದ್ದ. ನೋಡಿ, ದೊಡ್ಡವರು ತಮ್ಮ ಕೈಗೆ ಎಂದೂ ಖಾರ ಹಚ್ಚಿಕೊಳ್ಳುವುದಿಲ್ಲ.

ನಾಯಿಗೆ ಟೈಗರ್ ಅಂತ ಹೆಸರಿಟ್ಟು, ಮಾರುಕಟ್ಟೆಯಲ್ಲಿದ್ದ ಸಾವುಕಾರನ ಗೋದಾಮಿನ ಹಿಂದಿನ ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದರು. ಅದು ಹುಲಿಯಾಯಿತೇ? ಕಚ್ಚಿತು, ನಿಜ. ಹಮಾಲರನ್ನು ಕಚ್ಚಿತು, ನೀರಿಡಲು ಬಂದ ಮುದುಕನನ್ನು ಕಚ್ಚಿತು, ದಿವಾನಜಿಯ ಮೀನಖಂಡವನ್ನು ಎರಡು ಸಲ ಕಚ್ಚಿತು. ಕಡೆಗೊಂದು ದಿನ ಸಾವುಕಾರ ಟೆಂಡರಿಗೆ, ಅಂದರೆ ಹರಾಜಿಗೆ, ಬಂದ ಮೆಣಸಿನಕಾಯಿಯನ್ನು ಮುರಿದು, ಮೂಸಿ, ಅದೇ ಕೈಯನ್ನು ನಾಯಿಯ ತಲೆಯ ಮೇಲಿಡಲು ಹೋದ. ಅದನ್ನೂ ಕಚ್ಚಿತು.

"ನಮ್ಮ ಅನ್ನಾ ತಿಂದು ನಮ್ಮ ಕೈಗೇ ಬಾಯಿ ಹಾಕತೈತಿ? ಮುಗಿಸಿಬಿಡ್ರಿ ಇದನ್ನ!" ಅಂದ ಸಾವುಕಾರ.

ದಿವಾನಜಿ ಕಿವಿಯಲ್ಲಿ ಹೇಳಿದ: "ಧಣೀ, ಶ್ರಾವಣ ಹಿಡದೈತ್ರಿ. ಜೀವಾ ತಗದ್ರ ಮಂದಿ ಏನಂದಾರು?"

ಶ್ರಾವಣದಲ್ಲಿ ಸಾವುಕಾರ ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ, ದಿನವೂ ಇಂಥದೇ ಪ್ರವಚನಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಯೋಚನೆ ಮಾಡಿದ. "ಹಂಗಾರ ಶ್ರಾವಣ ಮುಗೀಲಿ. ಮರುದಿನಾನ ವಿಷದ ಗುಳಿಗಿ ಹಾಕ್ರಿ" ಅಂದ. ಎಂಥ ದಯೆ! ಎಂಥ ಭಕ್ತಿ!

ಈ ಮಾತು ಬಿದ್ದದ್ದು ಫಕ್ಕೀರವ್ವನ ಕಿವಿಗೆ. ಸಾವುಕಾರನ ಷೆಡ್ಡಿನಲ್ಲಿ ನಲವತ್ತು ಹೆಂಗಸರು ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರಲ್ಲಿ ಇವಳೊಬ್ಬಳು. ಹನ್ನೆರಡು ವರ್ಷದಿಂದ ಅದೇ ಕೆಲಸ. ತೊಟ್ಟು ಬಿಡಿಸುವವರ ಕೈ ನೋಡಿದ್ದೀರಾ? ಉಗುರಿನ ಸಂದಿಯಲ್ಲಿ ಬೆಂಕಿ. ಸಂಜೆ ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ. ಮಗಳ ಕೂಸಿನ ಗಲ್ಲ ಹಿಡಿಯುವ ಹಾಗಿಲ್ಲ. ಒಂದು ದಿನ ಮರೆತು ಹಿಡಿದಿದ್ದಳು. ಎಳೆಯ ಗಲ್ಲ ಕೆಂಪಾಗಿ ಉರಿದುಹೋಯಿತು. ಅಂದಿನಿಂದ ಅಜ್ಜಿಯ ಕೈ ಹತ್ತಿರ ಬಂದರೆ ಸಾಕು, ಕೂಸು ಮುಖ ತಿರುಗಿಸಿ ಚೀರುತ್ತಿತ್ತು.

ಬೇವಿನ ಮರದ ಕೆಳಗೆ ಹಲ್ಲು ಕಿರಿಯುತ್ತಿದ್ದ ನಾಯಿಯನ್ನು ಫಕ್ಕೀರವ್ವ ಸರಿಯಾಗಿ ನೋಡಿದಳು. ಹಲ್ಲು ಮುಂದಿತ್ತು, ಹೌದು. ಬಾಲ ಎಲ್ಲಿತ್ತು? ಹೊಟ್ಟೆಯ ಕೆಳಗಿತ್ತು. ಕಿವಿ ನೆತ್ತಿಗೆ ಅಂಟಿಕೊಂಡಿದ್ದವು. ಮಾರುಕಟ್ಟೆಯವರೆಲ್ಲ ಹಲ್ಲು ನೋಡಿದ್ದರು. ಬಾಲ ನೋಡಿದವಳು ಅವಳೊಬ್ಬಳೇ.

"ಧಣೀ, ಅದಕ ಸಿಟ್ಟಲ್ರಿ, ಅಂಜಿಕಿ. ಖಾರದ ಕೈ ಕಂಡ್ರ ಅಂಜತೈತಿ. ನಮ್ಮ ಕೂಸೂ ಹಿಂಗ ಮಾಡತೈತ್ರಿ. ಶ್ರಾವಣ ಮುಗಿಯೂತನಕ ನನ್ನ ಕೈಯಾಗ ಕೊಡ್ರಿ."

ಸಾವುಕಾರ ನಕ್ಕ. "ಕೊಟ್ಟೀನಿ, ಹೋಗ. ಊಟದ ಬಿಡುವಿನಾಗ ಏನರ ಮಾಡ್ಕೋ. ಕಚ್ಚಿದ್ರ ನನ್ನ ಕೇಳಬ್ಯಾಡ."

ಈಗ ಅವಳು ಮಾಡಿದ್ದನ್ನು ಕೇಳಿ. ಮರುದಿನ ಮಧ್ಯಾಹ್ನ ಶೇಂಗಾ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಮಜ್ಜಿಗೆಯಲ್ಲಿ ಕೈ ತೊಳೆದಳು. ಮೂರು ಸಲ ತೊಳೆದಳು. ಮರದಿಂದ ಮೂವತ್ತು ಹೆಜ್ಜೆ ದೂರದಲ್ಲಿ, ನಾಯಿಗೆ ಓರೆಯಾಗಿ ಕೂತಳು. ಅದರ ಮುಖ ನೋಡಲಿಲ್ಲ. ಮಾತಾಡಿಸಲಿಲ್ಲ. ಮೊದಲು ಅದು ಸರಪಳಿ ಹರಿಯುವ ಹಾಗೆ ಬೊಗಳಿತು. ಇವಳು ಎದ್ದು ಇನ್ನೂ ಐದು ಹೆಜ್ಜೆ ಹಿಂದಕ್ಕೆ ಹೋಗಿ ಕೂತಳು. ಬೊಗಳಿ ಬೊಗಳಿ ಉಸಿರು ಎಳೆದುಕೊಳ್ಳಲು ಅದು ಒಂದು ಗಳಿಗೆ ಸುಮ್ಮನಾಯಿತು, ನೋಡಿ. ಆ ಗಳಿಗೆಗೇ ಕಾದಿದ್ದವಳು ನಾಲಿಗೆಯಿಂದ 'ಟಕ್' ಅಂತ ಸದ್ದು ಮಾಡಿ, ಕೆನೆ ಸವರಿದ ಜೋಳದ ರೊಟ್ಟಿಯ ತುಣುಕೊಂದನ್ನು ಅದರ ಮುಂದೆ ಎಸೆದಳು. ಎಸೆದು ಎದ್ದು ಹೋದಳು.

ಅಷ್ಟೇ. ಮೊದಲ ದಿನದ ಪಾಠ ಅಷ್ಟೇ.

ಷೆಡ್ಡಿನ ಹೆಂಗಸರು ಬಿಡುತ್ತಾರೆಯೇ? "ಫಕ್ಕೀರಕ್ಕಾ, ನಾಯಿಗೆ ಕೆನಿ ರೊಟ್ಟಿ ಅಂತ! ಮನ್ಯಾಗ ಗಂಡಗ ಏನ ಹಾಕ್ತೀ?"

"ಅಂವಾ ಬೊಗಳೂದು ಬಿಟ್ಟ ದಿನಾ ಅವಗೂ ಕೆನಿ ಹಾಕ್ತೀನವ್ವಾ" ಅಂದಳು ಇವಳು. ಷೆಡ್ಡಿಗೆ ಷೆಡ್ಡೇ ನಕ್ಕಿತು. ನಕ್ಕರೆ ಖಾರದ ಘಾಟು ಗಂಟಲಿಗೆ ಇಳಿಯುತ್ತದೆ. ನಲವತ್ತೂ ಜನ ಕೆಮ್ಮಿದರು.

ಎರಡನೆಯ ದಿನ ಹಾಗೇ. ಮೂರನೆಯ ದಿನ ಹಾಗೇ. ಸುಮ್ಮನಿದ್ದರೆ ಟಕ್, ಒಂದು ತುಣುಕು. ಬಾಲ ಹೊಟ್ಟೆಯ ಕೆಳಗಿನಿಂದ ಹೊರಬಂದು ಸಡಿಲವಾದರೆ ಟಕ್, ಇನ್ನೊಂದು ತುಣುಕು. ಬೊಗಳಿದರೆ ಬೈಗುಳವಿಲ್ಲ, ಕಲ್ಲಿಲ್ಲ. ಇವಳೇ ಎರಡು ಹೆಜ್ಜೆ ಹಿಂದೆ ಸರಿದು, "ತಪ್ಪು ನಂದು ತಮ್ಮಾ, ಲಗೂನ ಬಂದ್ಬಿಟ್ಟೆ" ಅನ್ನುತ್ತಿದ್ದಳು. ಇದನ್ನು ಇನ್ನೊಂದು ಸಲ ಕೇಳಿ. ಬೊಗಳಿದ್ದು ನಾಯಿ, ತಪ್ಪು ಒಪ್ಪಿಕೊಂಡವಳು ಫಕ್ಕೀರವ್ವ! ಇಡೀ ಮಾರುಕಟ್ಟೆಯಲ್ಲಿ, ಲಾರಿ ಲಾರಿ ಸರಕು ತೂಗುವ ಆ ಮಾರುಕಟ್ಟೆಯಲ್ಲಿ, ತಪ್ಪು ನಂದು ಅಂದವರು ಬೇರೆ ಯಾರಾದರೂ ಇದ್ದರೇ?

ಹನ್ನೊಂದನೆಯ ದಿನಕ್ಕೆ ಮೂವತ್ತು ಹೆಜ್ಜೆ ಎಂಟಾಯಿತು. ಟಕ್ ಅಂದರೆ ಕಿವಿ ನಿಮಿರುತ್ತಿತ್ತು, ಬಾಲ ಒಂದಿಷ್ಟು ಆಡುತ್ತಿತ್ತು. ಆಗ ದಿವಾನಜಿಗೆ ಉಪಕಾರ ಮಾಡುವ ಬುದ್ಧಿ ಬಂತು. "ಹಿಂಗ ಲಾಲಿ ಹಾಡಿದ್ರ ಮುಂದಿನ ಶ್ರಾವಣಾ ಬರತೈತಿ. ನೋಡ, ಹಿಂಗ!" ಅಂತ ಹಿಂದಿನಿಂದ ಬಂದು ಸರಪಳಿ ಜಗ್ಗಿ, ಬೆತ್ತದಿಂದ ಎರಡು ಬಿಟ್ಟ. ನಾಯಿ ಮುದುಡಿ ಮಲಗಿತು. "ಕಂಡ್ಯಾ? ಎಷ್ಟ ಶಾಣ್ಯಾ ಆತು!"

ಫಕ್ಕೀರವ್ವ ಬಾಲ ನೋಡಿದಳು. ಅದು ಮತ್ತೆ ಹೊಟ್ಟೆಯ ಕೆಳಗೆ ಹೋಗಿತ್ತು.

"ಶಾಣ್ಯಾ ಆಗಿಲ್ರಿ ದಿವಾನಜೀ. ನಿಮ್ಮ ಕೈಯಾಗ ಬೆತ್ತಾ ಇಲ್ಲದ ದಿನಾ ಹುಡುಕಾಕ ಸುರು ಮಾಡೇತ್ರಿ, ಅಷ್ಟ."

ಹನ್ನೊಂದು ದಿನದ ಕೆಲಸ ಎರಡು ಏಟಿಗೆ ಮಣ್ಣಾಯಿತು. ಉಳಿದದ್ದು ಹತ್ತೊಂಬತ್ತು ದಿನ, ಆಮೇಲೆ ಗುಳಿಗೆ. ಅವಳ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಹೊತ್ತಿಲ್ಲ ಅಂತ ಅವಸರ ಮಾಡುತ್ತಿದ್ದಿರಿ, ಅಲ್ಲವೇ? ಆ ಹೆಂಗಸು ಅವಸರ ಮಾಡಲಿಲ್ಲ. ಮರುದಿನ ಮತ್ತೆ ಮೂವತ್ತು ಹೆಜ್ಜೆ ದೂರದಲ್ಲಿ, ಓರೆಯಾಗಿ, ಮೊದಲಿನ ಜಾಗದಲ್ಲೇ ಕೂತಳು. ಇದಕ್ಕೆ ಏನನ್ನಬೇಕು? ಮಠಗಳಲ್ಲಿ ತಪಸ್ಸು ಅನ್ನುತ್ತಾರೆ. ಅವಳು ಅದಕ್ಕೆ ಊಟದ ಬಿಡುವು ಅನ್ನುತ್ತಿದ್ದಳು.

ನಾಯಿಗಳು ಮರೆಯುವುದಿಲ್ಲ ಅಂತ ನಮಗೆ ಗೊತ್ತು. ಏಟು ಮರೆಯದ ಹಾಗೆ ಅವು ರೊಟ್ಟಿಯನ್ನೂ ಮರೆಯುವುದಿಲ್ಲ. ಈ ಸಲ ಎಂಟು ಹೆಜ್ಜೆಗೆ ಬರಲು ಆರೇ ದಿನ ಸಾಕಾಯಿತು. ಆಗ ಅವಳು ಖಾರಕ್ಕೆ ಕೈ ಹಾಕಿದಳು. ಒಂದು ಒಣ ಮೆಣಸಿನಕಾಯಿಯನ್ನು ದೂರದಲ್ಲಿಟ್ಟಳು. ನಾಯಿ ಅದನ್ನು ನೋಡಿತು, ಟಕ್, ರೊಟ್ಟಿ ಬಂತು. ಮರುದಿನ ಒಂದು ಹಿಡಿ ಕಾಯಿ, ಸ್ವಲ್ಪ ಹತ್ತಿರ. ಅದರ ಮರುದಿನ ಒಂದು ಬುಟ್ಟಿ. ಖಾರದ ವಾಸನೆ ಬಂತೆಂದರೆ ಹಿಂದೆಯೇ ಕೆನೆ ಬರುತ್ತದೆ ಅಂತ ಆ ಜೀವಕ್ಕೆ ದಿನದಿನಕ್ಕೆ ತಿಳಿಯಿತು. ಇಪ್ಪತ್ತೊಂದು ದಿನ ಬಾಯಿಗೆ ತುರುಕಿದ್ದ ಖಾರವನ್ನು ಅವಳು ತುಣುಕು ತುಣುಕಾಗಿ ಹೊರಗೆ ತೆಗೆದಳು.

ಶ್ರಾವಣ ಮುಗಿಯಲು ಎರಡು ದಿನ ಇತ್ತು. ಅಂದು ಫಕ್ಕೀರವ್ವ ಕೈ ತೊಳೆಯಲಿಲ್ಲ. ಬೆಳಗಿನಿಂದ ತೊಟ್ಟು ಬಿಡಿಸಿದ ಕೈಯನ್ನು ನೆಲದ ಮೇಲೆ ಅಂಗಾತ ಇಟ್ಟು ಕೂತಳು. ಚಾಚಲಿಲ್ಲ, ಕರೆಯಲಿಲ್ಲ. ಬಂದರೆ ಬರಲಿ, ಬಾರದಿದ್ದರೆ ಬೇಡ. ನಾಯಿ ಒಂದು ಹೆಜ್ಜೆ ಇಟ್ಟಿತು, ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು. ಕೈ ಮೂಸಿತು. ಜೋರಾಗಿ ಸೀನಿತು. ಸೀನಿ, ತನ್ನ ಗದ್ದವನ್ನು ಆ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿತು.

ಷೆಡ್ಡಿನಲ್ಲಿ ಒಬ್ಬಳೂ ನಗಲಿಲ್ಲ. ಹನ್ನೆರಡು ವರ್ಷದಲ್ಲಿ ಆ ಕೈಯ ಮೇಲೆ ಯಾರೂ ಮುಖ ಇಟ್ಟಿರಲಿಲ್ಲ.

ಶ್ರಾವಣದ ಕಡೆಯ ದಿನ ಸಾವುಕಾರ ಬಂದ. ನಾಯಿ ಅವಳ ಪಕ್ಕದಲ್ಲಿ ಸರಪಳಿ ಸಡಿಲ ಬಿಟ್ಟುಕೊಂಡು ಕೂತಿತ್ತು. ಅವನನ್ನು ನೋಡಿತು, ಅವಳನ್ನು ನೋಡಿತು, ಸುಮ್ಮನಿತ್ತು. "ಭಲೇ! ಹೇಳಿದ್ಹಂಗ ಕೇಳತೈತಲ್ಲ! ಇನ್ನ ಗುಳಿಗಿ ಬ್ಯಾಡ, ಇರ್ಲಿ" ಅಂದ. ಅವನಿಗೆ ಅರ್ಥವಾದದ್ದು ಅಷ್ಟೇ, ಹೇಳಿದ ಹಾಗೆ ಕೇಳುವುದು.

ಅದೇ ಹೊತ್ತಿಗೆ ಮೂವತ್ತೊಂಬತ್ತು ಹೆಂಗಸರು ಷೆಡ್ಡಿನಿಂದ ಎದ್ದು ಬಂದರು. "ಧಣೀ, ಕೈ ತೊಳಕೊಳ್ಳಾಕ ಒಂದು ನಳಾ ಹಾಕಸ್ರಿ. ವಾರಕ್ಕ ಒಂದೀಟು ಎಣ್ಣಿ ಕೊಡ್ರಿ. ನಾಯಿ ಹತ್ರ ಹೋಗಾಕ ಆಕಿ ಮಜ್ಜಿಗ್ಯಾಗ ಕೈ ತೊಳದ್ಲು. ನಮಗೂ ಮನ್ಯಾಗ ಕೂಸು ಅದಾವ್ರಿ."

ಸಾವುಕಾರನ ಮುಖ ಕೆಂಪಾಯಿತು. ಫಕ್ಕೀರವ್ವನ ಕಡೆ ತಿರುಗಿ ಅಂದ: "ಸರಪಳಿ ಬಿಚ್ಚು. ಇವರ ಮ್ಯಾಲೆ ಛೂ ಬಿಡು."

ನಿಲ್ಲಿ. ಅವಳು ಏನು ಮಾಡಿದಳು ಅನ್ನುವುದು ಆಮೇಲೆ. ನೀವು ಏನು ಮಾಡುತ್ತಿದ್ದೀರಿ ಅನ್ನುವುದು ಮೊದಲು.

ನಿಮ್ಮ ಓಣಿಯ ನಾಯಿ ದಿನವಿಡೀ ಸುಮ್ಮನೆ ಮಲಗಿರುತ್ತದೆ. ಆಗ ಅದು ನಿಮ್ಮ ಕಣ್ಣಿಗೆ ಬೀಳುತ್ತದೆಯೇ? ಒಂದು ಸಲ ಬೊಗಳಿದರೆ ಮಾತ್ರ ಕಲ್ಲಿಗೆ ಬಗ್ಗುತ್ತೀರಿ. ಮಗಳು ಒಂದು ತಾಸು ಓದಿದಾಗ ಮಾತಿಲ್ಲ, ಪುಸ್ತಕ ಮುಚ್ಚಿದ ಗಳಿಗೆಗೆ ಕೂಗು. ಸೊಸೆಯ ನೂರು ರೊಟ್ಟಿ ಸದ್ದಿಲ್ಲದೆ ತಿಂದವರಿಗೆ ಕರಕಾದ ಒಂದು ರೊಟ್ಟಿ ಕಾಣುತ್ತದೆ. ನಾವೇ ಖಾರ ತುರುಕುತ್ತೇವೆ, ಆಮೇಲೆ ಯಾಕೆ ಕಚ್ಚಿತು ಅಂತ ನಾವೇ ಕೇಳುತ್ತೇವೆ! ನಾಳೆ ಬೆಳಿಗ್ಗೆಯಿಂದ ಬಗ್ಗಿ ಕಲ್ಲು ಎತ್ತಬೇಡಿ. ಮನೆಯಲ್ಲಿ ಬೆತ್ತವಿದ್ದರೆ ಒಲೆಗೆ ಹಾಕಿ. ಅಂಜಿದ ಜೀವ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಅದು ಸರಿಯಾಗಿದ್ದ ಗಳಿಗೆಯನ್ನು ಕಾದು ಆ ಗಳಿಗೆಗೇ ರೊಟ್ಟಿ ಕೊಡಿ, ಅಥವಾ ಒಂದು ಒಳ್ಳೆಯ ಮಾತು ಕೊಡಿ. ಕೆಲಸ ಕೆಟ್ಟರೆ ಮೂವತ್ತು ಹೆಜ್ಜೆಯಿಂದ ಮತ್ತೆ ಶುರು ಮಾಡಿ. ನಿಮ್ಮ ಕೈಕೆಳಗೆ ದುಡಿಯುವವರಿದ್ದರೆ, ಇಂದು ಮನೆಗೆ ಹೋಗುವ ಮುಂಚೆ ಅವರ ಕೈ ನೋಡಿ. ಮುಂದಿನ ಸಾಲಿನಲ್ಲಿ ಕೂತವರಿಗೂ ಈ ಮಾತು ಕೇಳಿಸುತ್ತಿದೆ ಅಂದುಕೊಳ್ಳುತ್ತೇನೆ.

ಇನ್ನು ಫಕ್ಕೀರವ್ವ. ಅವಳು ಬಗ್ಗಿ ಸರಪಳಿ ಬಿಚ್ಚಿದಳು. ಸರಪಳಿಯನ್ನು ಸಾವುಕಾರನ ಕಾಲ ಬಳಿ ಇಟ್ಟಳು. ಟೈಗರ್ ಅವಳ ಮೊಣಕಾಲಿಗೆ ಒರಗಿ ಕೂತಿತ್ತು, ಬಾಲ ಸಡಿಲವಾಗಿತ್ತು.

"ಛೂ ಅನ್ನು ಅಂದೆ! ಇಲ್ಲಾ ಅಂದ್ರ ನಾಳಿಂದ ನೀನೂ ಇಲ್ಲ, ನಾಯೀನೂ ಇಲ್ಲ!"

"ಇಬ್ಬರೂ ಹೋಗತೀವಿ ತಗೋರಿ" ಅಂದಳು ಫಕ್ಕೀರವ್ವ. "ಆದ್ರ ಛೂ ಅನ್ನೂದಿಲ್ರಿ."