ಹಳದಿ ಗುರುತಿನ ಮೇಲೆ ನಿಂತವನು

ಮುಂಬಯಿಯ ವಿಕ್ರೋಳಿಯಲ್ಲಿ ನಮ್ಮ ಚಾಳಿನ ಶಂಕ್ರೆಪ್ಪನ ಭಾವಮೈದ ಗುರುಪಾದ. ಇದು ಅವನಿಗೇ ಆದದ್ದು... ಆಮೇಲೆ ನಗಿರಿ ಬೇಕಾದರೆ.

ಹೋದ ಮೇ ತಿಂಗಳು, ರಾತ್ರಿ ಒಂದೂವರೆ. ಸ್ಟೇಷನ್ ಕಡೆಯಿಂದ ಬಂದವನು ಹಳೇ ಬಾವಿ ದಾಟಿ, ಕೊಳಚೆ ನೀರು ಹರಿಯುವ ನಾಲಾದ ಕಾಲುಸೇತುವೆಗೆ ಬಂದ. ಗಾಳಿಯಿಲ್ಲ, ನಾಯಿಯೂ ಬೊಗಳುತ್ತಿಲ್ಲ. ಆ ಸೇತುವೆ ಅವನದೇ ಕೆಲಸ. ಕಾಂಟ್ರಾಕ್ಟರನ ಸೂಪರ್‌ವೈಸರ್ ಅವನು.

ಆ ಪುಟ್ಟ ಸೇತುವೆಗೆ ಸರ್ಕಾರದ ಅನುದಾನ ಎರಡು ಸಲ ಬಂದಿತ್ತು. ಮೊದಲನೆಯದು ಕಡತದಲ್ಲೇ ಕರಗಿತು. ಹಳೇ ಚಪ್ಪಡಿಗೆ ಗುರುಪಾದ ಬರೀ ತೇಪೆ ಹಾಕಿಸಿದ. ಹೋಟೆಲಿನಲ್ಲಿ ಪಾತ್ರೆ ತಿಕ್ಕಿ ಬರುತ್ತಿದ್ದ ರುಕ್ಮಿಣಿಬಾಯಿಯ ಕಾಲಡಿ ಅದು ಕುಸಿಯಿತು. ಹೆಣ ಮೂರನೇ ದಿನ ಸಿಕ್ಕಿತು.

ಇಷ್ಟಾದರೂ, ಎರಡನೇ ಅನುದಾನದಲ್ಲಿ ಹೊಸದಾಗಿ ಕಟ್ಟಿಸುವಾಗಲೂ, ಈ ಪುಣ್ಯಾತ್ಮನಿಗೆ ಬುದ್ಧಿ ಬರಲಿಲ್ಲ. ಬಿಲ್ಲು ಪಾಸಾಗುವ ಮುಂಚೆ ಎಂಜಿನಿಯರ್ ಬಂದು, ಯಂತ್ರದಿಂದ ಕಾಂಕ್ರೀಟು ಕೊರೆದು, ದುಂಡನೆಯ ತುಂಡು ತೆಗೆದು ದಪ್ಪ ಅಳೆಯುತ್ತಾರೆ. ಅದಕ್ಕೇ ಗುರುಪಾದ ನಟ್ಟನಡುವೆ ಮೊಳದಷ್ಟು ಜಾಗ ಮಾತ್ರ ಗೇಣು ದಪ್ಪ ಹಾಕಿಸಿ, ಅಲ್ಲಿ ಹಳದಿ ಬಣ್ಣದ ಗುರುತು ಬಳಿದಿದ್ದ. ಮಿಕ್ಕದ್ದೆಲ್ಲ ಎರಡೇ ಅಂಗುಲ. ಗುರುತಿದ್ದಲ್ಲೇ ಕೊರೆಯುವುದು ರೂಢಿ. ಬೆಳಗಾದರೆ ಪರೀಕ್ಷೆ. ಕೆಟ್ಟರೆ ಜೈಲು, ಯಾಕೆಂದರೆ ಕೆಲಸ ಸರಿಯಾಗಿದೆ ಎಂದು ಸಹಿ ಹಾಕಿದವನು ಅವನು.

ಸೇತುವೆಯ ಮಧ್ಯಕ್ಕೆ ಬಂದ.

ಟಕ್... ಟಕ್...

ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಸದ್ದು. ಕೆಳಗಿನಿಂದ. ನಿಂತ. ಅದೂ ನಿಂತಿತು.

"ಸಾಯೇಬ್ರ..." ಪಿಸುದನಿ. "ಎಲ್ಲಿ ಗಟ್ಟಿ ಐತ್ರಿ?"

ದನಿಯ ಗುರುತು ಸಿಕ್ಕಿತು, ರುಕ್ಮಿಣಿಬಾಯಿಯದು.

"ಯವ್ವಾ... ಬಿಟ್ಬಿಡು ನನ್ನ."

"ನೀವಽ ಕಟ್ಟಿಸೀರಿ. ಎಲ್ಲಿ ಕಾಲಿಡ್ಲಿ, ಹೇಳ್ರಿ."

"ಇಲ್ಲೆ... ಇದೊಂದಽ ಜಾಗಾ." ಹಳದಿ ಗುರುತಿನ ಮೇಲೆ ಹಾರಿ ನಿಂತ.

"ಹಂಗಾರ ಅಲ್ಲೇ ನಿಂದರ್ರಿ," ಅಂದಳು. "ಉಳದದ್ದೆಲ್ಲಾ ನಂದು."

ಒಂದು ಹೆಜ್ಜೆ ಹೊರಗಿಟ್ಟ. ಹಪ್ಪಳ ಮುರಿದಂತೆ... ಕಟ್! ಕಾಲು ಹಿಂದಕ್ಕೆಳೆದುಕೊಂಡ. ಆಚೆ ಬದಿಗಿಟ್ಟ. ಅಲ್ಲೂ ಕಟ್. ಬೆಳಗಾಗುವವರೆಗೆ ಆ ತಟ್ಟುವ ಸದ್ದು ಅವನ ಸುತ್ತಲೇ ತಿರುಗಿತು.

ಎಂಟಕ್ಕೆ ಧಾರವಾಡದ ಎಂಜಿನಿಯರ್ ಮಾಧುರಿ ಯಂತ್ರದ ಸಮೇತ ಬಂದರು. ಜನ ಎಂದಿನಂತೆ ಸೇತುವೆ ದಾಟುತ್ತಿದ್ದರು. ಗುರುಪಾದ ಮಾತ್ರ ಗುರುತಿನ ಮೇಲೆ ಕೂತುಬಿಟ್ಟಿದ್ದ.

"ಆಚೆ ಸರೀರಿ, ಅಲ್ಲೇ ಕೊರೀಬೇಕು," ಅಂದರು ಮಾಧುರಿ.

"ಒಲ್ಲೆರಿ ಮೇಡಮ್ಮಾರ. ಇದೊಂದಽ ಗಟ್ಟಿ ಐತಿ. ಬ್ಯಾರೆ ಕಡೆ ಎರಡಽ ಅಂಗುಲ."

ಅವನ ಬಾಯಿಂದಲೇ ಬಂತು. ಮಾಧುರಿ ಅವನ ಮುಖ ನೋಡಿದರು, ಯಂತ್ರವನ್ನು ಎರಡು ಮಾರು ಆಚೆ ಇಡಿಸಿದರು. ಘರ್ರ್... ಅಷ್ಟರಲ್ಲೇ ಮುಗಿಯಿತು. ತೂತಿನಲ್ಲಿ ಕೆಳಗಿನ ಕಪ್ಪು ನೀರು ಕಾಣಿಸಿತು.

ಕಾಂಟ್ರಾಕ್ಟರ್, ಗುರುಪಾದ ಇಬ್ಬರೂ ಒಳಗೆ ಹೋದರು. ನನಗಂತೂ ಅಯ್ಯೋ ಅನ್ನಿಸಲಿಲ್ಲ. ರುಕ್ಮಿಣಿಬಾಯಿಗೆ ಯಾರು ಅಯ್ಯೋ ಅಂದಿದ್ದರು?

ಕಟ್ಟುಕತೆ ಅನ್ನುವವರು ಆ ಕೊರೆದ ತುಂಡು ನೋಡಿಬರಲಿ. ಚೀಟಿ ಹಚ್ಚಿ ಮಾಧುರಿಯವರ ಕಚೇರಿಯ ಕಪಾಟಿನಲ್ಲಿಟ್ಟಿದ್ದಾರೆ. ಶಂಕ್ರೆಪ್ಪನ ಜೊತೆ ಹೋಗಿ ನಾನೇ ತಿರುಗಿಸಿ ನೋಡಿದ್ದೇನೆ. ಕಾಂಕ್ರೀಟು ಸುರಿಯುವಾಗ ಕೆಳಗೆ ಉದ್ದಕ್ಕೂ ಹಲಗೆ ಹೊಡೆದಿದ್ದರು, ಇರುವೆ ನುಸುಳಲೂ ಜಾಗವಿರಲಿಲ್ಲ. ಆದರೂ ತುಂಡಿನ ತಳದಲ್ಲಿ, ನಾಲಾ ಕಡೆಯ ಮುಖದಲ್ಲಿ, ನಾಲ್ಕು ಬೆರಳಿನ ಅಚ್ಚಿದೆ... ಹಸಿಯಿದ್ದಾಗ ಕೆಳಗಿನಿಂದ ಒತ್ತಿದ್ದು.